ಒಂದು ಕೆಮ್ಮಿಗಾಗಿ ಕರೆಂಟು: ಬೆನ್ನುಹುರಿಗೆ ಪೆಟ್ಟಾದವರ ಮನೆಯವರಿಗೆ

ಬೆನ್ನುಹುರಿಗೆ ಪೆಟ್ಟಾದವರ ಮನೆಗೆ ಹೋದಾಗ ನಾನು ಮೊದಲು ಕೈಕಾಲು ಹಿಡಿದು ನೋಡುವುದಿಲ್ಲ. "ಅಣ್ಣಾ, ಒಂದ್ಸಲ ಜೋರಾಗಿ ಕೆಮ್ಮರಿ" ಅನ್ನುತ್ತೇನೆ. ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಕಾಲು ಯಾವಾಗ ಆಡುತ್ತದೋ ಅಂತ ಅವರು ಕಾಯುತ್ತಿರುತ್ತಾರೆ. ಈ ಫಿಸಿಯೋ ಬಂದವನು ಕೆಮ್ಮು ಕೇಳುತ್ತಾನಲ್ಲ!

ಕುತ್ತಿಗೆಯ ಹತ್ತಿರ ಪೆಟ್ಟಾದವರಲ್ಲಿ ಬಹಳ ಜನಕ್ಕೆ ಆ ಕೆಮ್ಮು ಬರುವುದಿಲ್ಲ. ಗಂಟಲಲ್ಲಿ 'ಹಂ' ಅಂತ ಸಣ್ಣ ಸದ್ದು, ಅಷ್ಟೇ. "ಕಫ ಎದಿಯಾಗೇ ಕುಂತದ್ರಿ, ಹೊರಗ ಬರ್ಲಕತ್ತಿಲ್ಲ" ಅಂತ ಅವ್ವ ಹೇಳುತ್ತಾಳೆ. ಹಾಗೆ ಕೂತ ಕಫವೇ ನಾಲ್ಕು ದಿನಕ್ಕೆ ನ್ಯುಮೋನಿಯಾ ಆಗುತ್ತದೆ. ಬೆನ್ನುಹುರಿ ಪೆಟ್ಟಾದವರ ಜೀವ ತೆಗೆಯುವ ಕಾರಣಗಳಲ್ಲಿ ಉಸಿರಿನ ತೊಂದರೆ ಮುಂದಿನ ಸಾಲಿನಲ್ಲೇ ಇದೆ.

ಕಲಬುರಗಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವುದು ನನ್ನ ಕೆಲಸ. ಬೈಕಿನಿಂದ ಬಿದ್ದವರು, ಸೆಂಟ್ರಿಂಗ್ ಮೇಲಿಂದ ಜಾರಿದವರು, ಆಡಿಗೆ ತಪ್ಪಲು ಕಡಿಯಲು ಮರ ಹತ್ತಿ ಬಿದ್ದವರು. ಹೈದರಾಬಾದಿನಲ್ಲೋ ಸೊಲ್ಲಾಪುರದಲ್ಲೋ ಆಪರೇಷನ್ ಆಗಿ, ಆಳಂದಕ್ಕೋ ಜೇವರ್ಗಿಗೋ ವಾಪಸ್ ಬಂದಿರುತ್ತಾರೆ. ಈಚೆಗೆ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. "ಸರ್, ಕರೆಂಟ್ ಕೊಟ್ಟು ಉಸುರಾಡಸೋ ಮಷೀನ್ ಬಂದದಂತಲ್ರಿ?" ಅಂತ ಕೇಳುತ್ತಾರೆ. ಹೌದು, ಬಂದಿದೆ. ಆದರೆ ನಮ್ಮ ಕೈಗೆ ಎಟುಕುವ ಮಷೀನು ಮುಖ್ಯವಾಗಿ ಉಸಿರನ್ನು ಒಳಗೆ ಎಳೆಯುವುದಕ್ಕಲ್ಲ, ಹೊರಗೆ ನೂಕುವುದಕ್ಕೆ. ಅಂದರೆ ಕೆಮ್ಮಿಗೆ. ಅದನ್ನು ಹೇಗೆ ಬಳಸಬೇಕು, ಯಾರು ಬಳಸಬಾರದು, ಅದಕ್ಕೂ ಮೊದಲು ಏನು ಕಲಿಯಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತೇನೆ. ಓದಿ ಒಬ್ಬರೇ ಶುರು ಮಾಡುವುದಕ್ಕಲ್ಲ. ನಿಮ್ಮ ಡಾಕ್ಟರ್ ಮತ್ತು ಫಿಸಿಯೋ ಎದುರು ಕೂತು ಸರಿಯಾದ ಪ್ರಶ್ನೆ ಕೇಳುವುದಕ್ಕೆ.

ಕರೆಂಟು ಎಲ್ಲಿಗೆ?

ಉಸಿರು ಒಳಗೆ ಎಳೆಯುವ ದೊಡ್ಡ ಸ್ನಾಯು ವಪೆ. ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದ ಹಾಗೆ ಇರುತ್ತದೆ. ಅದನ್ನು ನಡೆಸುವ ಫ್ರೆನಿಕ್ ನರ ಕುತ್ತಿಗೆಯಲ್ಲಿ ಸಿ3, ಸಿ4, ಸಿ5 ಮಟ್ಟದಿಂದ ಹೊರಡುತ್ತದೆ. ಸಿ ಅಂದರೆ ಕುತ್ತಿಗೆ, ಟಿ ಅಂದರೆ ಎದೆಮಟ್ಟ, ಎಲ್ ಅಂದರೆ ಸೊಂಟ; ಅಂಕಿ ಮೇಲಿನಿಂದ ಕೆಳಕ್ಕೆ ಏರುತ್ತದೆ. ಪಕ್ಕೆಲುಬಿನ ನಡುವಿನ ಸ್ನಾಯುಗಳ ನರಗಳು ಎದೆಮಟ್ಟದಿಂದ ಬರುತ್ತವೆ. ಹೊಟ್ಟೆಯ ಸ್ನಾಯುಗಳದ್ದು ಇನ್ನೂ ಕೆಳಗೆ, ಹೆಚ್ಚುಕಡಿಮೆ ಟಿ6ರಿಂದ ಎಲ್1ರವರೆಗೆ.

ಹಾಗಾಗಿ ಸಿ1, ಸಿ2 ಮಟ್ಟದಲ್ಲಿ ಪೂರ್ತಿ ಪೆಟ್ಟಾದರೆ ವೆಂಟಿಲೇಟರ್ ಇಲ್ಲದೆ ಆಗುವುದಿಲ್ಲ. ಸಿ5, ಸಿ6ರಲ್ಲಿ ಪೆಟ್ಟಾದವರು ಸಾಮಾನ್ಯವಾಗಿ ತಾವೇ ಉಸಿರಾಡುತ್ತಾರೆ, ಯಾಕೆಂದರೆ ವಪೆ ಉಳಿದಿರುತ್ತದೆ. ಆದರೆ ಕೆಮ್ಮಬೇಕಾದರೆ ಹೊಟ್ಟೆ ಗಟ್ಟಿಯಾಗಿ ಬಿಗಿದು, ವಪೆಯನ್ನು ಕೆಳಗಿಂದ ಮೇಲಕ್ಕೆ ಗುದ್ದಬೇಕು. ಆ ಆಜ್ಞೆ ಮಿದುಳಿನಿಂದ ಹೊಟ್ಟೆಗೆ ಇಳಿಯುವುದೇ ಇಲ್ಲ. ದಾರಿ ಮಧ್ಯದಲ್ಲೇ ಕಡಿದಿದೆ.

ಇಲ್ಲೇ ಒಂದು ಒಳ್ಳೆ ಸುದ್ದಿ ಇದೆ. ದಾರಿ ಕಡಿದಿರುವುದು ಕುತ್ತಿಗೆಯಲ್ಲಿ. ಅದರ ಕೆಳಗೆ ಹುರಿಯಿಂದ ಹೊಟ್ಟೆಗೆ ಹೋಗುವ ನರ ಚೆನ್ನಾಗಿಯೇ ಇರುತ್ತದೆ, ಸ್ನಾಯುವೂ ಇರುತ್ತದೆ. ಫೀಡರ್ ಲೈನ್ ಹೋಗಿದೆ, ಮನೆಯ ವೈರಿಂಗ್ ಸರಿ ಇದೆ ಅಂದ ಹಾಗೆ. ಚರ್ಮದ ಮೇಲೆ ಪ್ಯಾಡ್ ಇಟ್ಟು ಸಣ್ಣ ಕರೆಂಟ್ ಕೊಟ್ಟರೆ ಹೊಟ್ಟೆ ಬಿಗಿಯುತ್ತದೆ. ಇದನ್ನು ಎಫ್‌ಇಎಸ್ (ಫಂಕ್ಷನಲ್ ಎಲೆಕ್ಟ್ರಿಕಲ್ ಸ್ಟಿಮ್ಯುಲೇಷನ್) ಅನ್ನುತ್ತಾರೆ. ಸಣ್ಣ ಸಣ್ಣ ಅಧ್ಯಯನಗಳೇ ಆದರೂ ಅವು ಹೇಳುವುದು ಒಂದೇ ದಿಕ್ಕಿನಲ್ಲಿದೆ: ಕರೆಂಟ್ ಕೊಟ್ಟ ಗಳಿಗೆಯಲ್ಲಿ ಕೆಮ್ಮಿನ ರಭಸ ಹೆಚ್ಚುತ್ತದೆ. ವಾರಗಟ್ಟಲೆ ಅಭ್ಯಾಸ ಮಾಡಿಸಿದರೆ ಶ್ವಾಸಕೋಶ ಹಿಡಿಯುವ ಗಾಳಿಯೂ ಸ್ವಲ್ಪ ಜಾಸ್ತಿಯಾಗುತ್ತದೆ.

ಇನ್ನೊಂದು ಜಾತಿಯ ಯಂತ್ರ ವಪೆಯನ್ನೇ ನಡೆಸುತ್ತದೆ. ಫ್ರೆನಿಕ್ ನರಕ್ಕೆ ಕರೆಂಟ್ ಕೊಡುವ ಸಾಧನ 1960ರ ದಶಕದಿಂದಲೇ ಇದೆ. ಅಮೆರಿಕದ ಯೇಲ್‌ನಲ್ಲಿ ವಿಲಿಯಂ ಗ್ಲೆನ್ ಅದರ ಮೇಲೆ ಕೆಲಸ ಮಾಡಿದರು. ಆಮೇಲೆ ವಪೆಯ ಸ್ನಾಯುವಿಗೇ ದುರ್ಬೀನು ಆಪರೇಷನ್ನಿನಲ್ಲಿ ತಂತಿ ಕೂರಿಸುವ ವಿಧಾನ ಬಂತು. ಸೂಪರ್‌ಮ್ಯಾನ್ ನಟ ಕ್ರಿಸ್ಟೋಫರ್ ರೀವ್ 1995ರಲ್ಲಿ ಕುದುರೆಯಿಂದ ಬಿದ್ದು ವೆಂಟಿಲೇಟರ್ ಮೇಲಿದ್ದರು. 2003ರಲ್ಲಿ ಅವರಿಗೆ ಇದನ್ನು ಹಾಕಿದರು. 2008ರಲ್ಲಿ ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಬೆನ್ನುಹುರಿ ಪೆಟ್ಟಿನವರಿಗೆ ಇದಕ್ಕೆ ಅನುಮತಿ ಕೊಟ್ಟಿತು. ಮೊಬೈಲಿನಲ್ಲಿ ಜನ ನೋಡುವ ವಿಡಿಯೋಗಳು ಹೆಚ್ಚಾಗಿ ಇದರವು. ಇದಕ್ಕೆ ಆಪರೇಷನ್ ಬೇಕು, ಫ್ರೆನಿಕ್ ನರ ಜೀವಂತ ಇದೆಯಾ ಅಂತ ನರದ ಪರೀಕ್ಷೆ ಬೇಕು, ಹಾಕಿದ ಮೇಲೂ ಪಕ್ಕದಲ್ಲಿ ವೆಂಟಿಲೇಟರ್ ತಯಾರಿರಬೇಕು. ನಿಮ್ಮ ಮನೆಯವರು ಸದಾ ವೆಂಟಿಲೇಟರ್ ಮೇಲಿದ್ದರೆ ದೊಡ್ಡ ನರರೋಗ ಕೇಂದ್ರದಲ್ಲಿ ಇದರ ಬಗ್ಗೆ ಕೇಳಿ. ಇಲ್ಲಿಂದ ಮುಂದೆ ನಾನು ಹೊಟ್ಟೆಯ ಮಾತೇ ಆಡುತ್ತೇನೆ.

ಮೊದಲು ಕಾಗದ ತೆಗೆಯಿರಿ

ಡಿಸ್ಚಾರ್ಜ್ ಕಾಗದ, ಎಂಆರ್‌ಐ ರಿಪೋರ್ಟ್ ಎರಡನ್ನೂ ತೆಗೆದಿಟ್ಟುಕೊಳ್ಳಿ. ಪೆಟ್ಟು ಯಾವ ಮಟ್ಟದಲ್ಲಿ, ಪೂರ್ತಿಯೋ ಅರೆಬರೆಯೋ ಅಂತ ಅದರಲ್ಲಿ ಇರುತ್ತದೆ. ಎಎಸ್‌ಐಎ ಅಂತ ಬರೆದು ಎದುರಿಗೆ ಎ, ಬಿ, ಸಿ, ಡಿ ಅಂತ ಒಂದು ಅಕ್ಷರ ಇದ್ದರೆ, ಎ ಅಂದರೆ ಪೂರ್ತಿ. ಬಹಳ ಮನೆಗಳಲ್ಲಿ ಈ ಕಾಗದ ಟ್ರಂಕಿನ ಅಡಿಯಲ್ಲಿರುತ್ತದೆ, ಬಿಲ್ಲುಗಳು ಮಾತ್ರ ಮೇಲೆ.

ಕುತ್ತಿಗೆಮಟ್ಟದ ಸಿ ಪೆಟ್ಟು, ಮತ್ತೆ ಎದೆಯ ಮೇಲ್ಭಾಗದ ಟಿ ಪೆಟ್ಟು ಇರುವವರಿಗೆ ಹೊಟ್ಟೆಯ ಎಫ್‌ಇಎಸ್ ಕೆಲಸಕ್ಕೆ ಬರುವ ಸಾಧ್ಯತೆ ಹೆಚ್ಚು. ಪೆಟ್ಟು ಟಿ10, ಟಿ12ರ ಹತ್ತಿರ ಆಗಿದ್ದರೆ ಹೊಟ್ಟೆಗೆ ಹೋಗುವ ನರಗಳ ಬೇರೇ ಹಾಳಾಗಿರಬಹುದು. ಆಗ ಕರೆಂಟ್ ಎಷ್ಟು ಏರಿಸಿದರೂ ಆ ಭಾಗ ಬಿಗಿಯುವುದಿಲ್ಲ. ಮನೆಯ ವೈರಿಂಗೇ ಸುಟ್ಟ ಹಾಗೆ. ಫಿಸಿಯೋ ಒಂದು ಸಲ ಪ್ಯಾಡ್ ಇಟ್ಟು ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಯಂತ್ರ ಕೊಳ್ಳುವ ಮೊದಲೇ ಈ ಪರೀಕ್ಷೆ ಮಾಡಿಸಿ, ಕೊಂಡ ಮೇಲಲ್ಲ.

ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಬೇಡ. ಬಸುರಿಯಾಗಿದ್ದರೆ ಬೇಡ. ಹೊಟ್ಟೆಯ ಮೇಲೆ ಗಾಯ, ಹೊಸ ಹೊಲಿಗೆ, ಗಡ್ಡೆಯ ಕಾಯಿಲೆ ಇದ್ದರೆ ಬೇಡ. ಮುರಿದ ಪಕ್ಕೆಲುಬು ಇನ್ನೂ ಕೂಡಿಲ್ಲದಿದ್ದರೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಫಿಟ್ಸ್ ಬರುತ್ತಿದ್ದರೆ ಡಾಕ್ಟರ್ ಒಪ್ಪುವವರೆಗೆ ಮುಟ್ಟಬೇಡಿ. ಕುತ್ತಿಗೆಯ ಮೂಳೆ ಗಟ್ಟಿಯಾಗಿ ನಿಂತಿದೆ ಅಂತ ಆಪರೇಷನ್ ಮಾಡಿದವರಿಂದಲೇ ಕೇಳಿ ತಿಳಿದುಕೊಳ್ಳಿ. ಗಂಟಲಿಗೆ ರಂಧ್ರ ಮಾಡಿ ನಳಿಕೆ ಹಾಕಿದವರ ವಿಷಯವೇ ಬೇರೆ. ಅವರಿಗೆ ಕಫ ಎಳೆಯುವ ಸಕ್ಷನ್ ಜೊತೆಗೇ ಇದನ್ನು ಹೊಂದಿಸಬೇಕು, ಅದನ್ನು ದವಾಖಾನೆಯಲ್ಲೇ ಕಲಿಯಬೇಕು.

ಯಂತ್ರಕ್ಕಿಂತ ಮೊದಲು ಕೈ

ಈ ಮಾತು ಬಹಳ ಜನರಿಗೆ ಹಿಡಿಸುವುದಿಲ್ಲ. ಆದರೂ ನಾನು ಬಿಡುವುದಿಲ್ಲ. ಕೈಯಿಂದ ಕೆಮ್ಮಿಸಲು ಬಾರದ ಮನೆಗೆ ಯಂತ್ರ ಬಂದರೆ ಅದು ತಿಂಗಳೊಳಗೆ ಅಲಮಾರಿ ಸೇರುತ್ತದೆ. ಕರೆಂಟ್ ಹೋದಾಗ, ಪ್ಯಾಡ್ ಒಣಗಿದಾಗ, ರಾತ್ರಿ 2 ಗಂಟೆಗೆ ಕಫ ಕಟ್ಟಿದಾಗ ಉಳಿಯುವುದು ನಿಮ್ಮ ಎರಡು ಕೈ. ಎರಡನೇ ಕಾರಣವೂ ಇದೆ. ಕೈಗೆ ಬರುವ ತಾಳವೇ ಯಂತ್ರಕ್ಕೂ ಬೇಕು.

ಮಲಗಿಸುವ ಜಾಗ ನೋಡಿ. ಹಗ್ಗದ ಹೊರಸಿನ ಮೇಲೆ ಮಲಗಿಸಿ ಒತ್ತಿದರೆ ನಿಮ್ಮ ಶಕ್ತಿಯೆಲ್ಲ ಹೊರಸಿಗೆ ಹೋಗುತ್ತದೆ, ಬೆನ್ನು ಕೆಳಗೆ ತಗ್ಗುತ್ತದೆ. ಹಲಗೆಯ ಮಂಚ ಬೇಕು. ಮೇಲೆ ಒತ್ತುಹುಣ್ಣು ಆಗದಂಥ ಒಳ್ಳೆ ಗಾದಿ ಇರಲಿ. ಊಟ ಆಗಿ ಕನಿಷ್ಠ ಒಂದೂವರೆ, ಎರಡು ಗಂಟೆ ಕಳೆದಿರಬೇಕು. ರೊಟ್ಟಿ ಉಂಡ ಹೊಟ್ಟೆ ಒತ್ತಿದರೆ ಉಂಡದ್ದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಆಗ ನೀವೇ ನ್ಯುಮೋನಿಯಾ ತಂದ ಹಾಗೆ.

ಅಂಗೈಯ ಬುಡವನ್ನು ಹೊಕ್ಕುಳಿಗಿಂತ ಸ್ವಲ್ಪ ಮೇಲೆ, ಪಕ್ಕೆಲುಬು ಕೂಡುವ ಜಾಗಕ್ಕಿಂತ ಕೆಳಗೆ ಇಡಿ. ಎದೆ ನಡುವಿನ ಎಲುಬಿನ ಚೂಪು ತುದಿಯ ಮೇಲೆ ಇಡಲೇಬಾರದು. ಇನ್ನೊಂದು ಕೈ ಅದರ ಮೇಲೆ. ಈಗ ಹೇಳಿ: "ಉಸುರು ತಗೋ... ಇನ್ನೂ ತಗೋ... ಹಿಡಿ... ಕೆಮ್ಮು!" 'ಕೆಮ್ಮು' ಅಂದ ಕ್ಷಣಕ್ಕೇ ಒಳಗೆ ಮತ್ತು ಮೇಲಕ್ಕೆ, ತಲೆಯ ದಿಕ್ಕಿಗೆ, ಒಂದು ಚುರುಕಾದ ನೂಕು. ಅರ್ಧ ಸೆಕೆಂಡ್ ಮುಂಚೆ ನೂಕಿದರೆ ಉಸಿರು ಒಳಗೆ ಬರುವುದನ್ನೇ ತಡೆದಿರಿ. ಅರ್ಧ ಸೆಕೆಂಡ್ ತಡವಾದರೆ ಗಾಳಿ ಆಗಲೇ ಸೋರಿ ಹೋಗಿದೆ. ಹಿಟ್ಟು ನಾದಿದ ಹಾಗೆ ಒತ್ತುತ್ತಾ ಹೋಗುವವರನ್ನು ನೋಡಿದ್ದೇನೆ; ಅದರಿಂದ ಮಂದಿ ಬೆವರುತ್ತಾರೆಯೇ ಹೊರತು ಕಫ ಬರುವುದಿಲ್ಲ. ಎರಡು ಮೂರು ಕೆಮ್ಮು, ಆಮೇಲೆ ಒಂದು ನಿಮಿಷ ವಿಶ್ರಾಂತಿ, ಮತ್ತೆ ಎರಡು ಮೂರು.

ಒಳಗೆ ಗಾಳಿ ಕಡಿಮೆ ಇದ್ದರೆ ಹೊರಗೆ ರಭಸ ಎಲ್ಲಿಂದ ಬಂದೀತು? ಅದಕ್ಕೆ ಅಂಬು ಬ್ಯಾಗಿನಿಂದ (ಕೈಯಿಂದ ಅಮುಕಿ ಗಾಳಿ ತುಂಬುವ ಚೀಲ) ಒಂದರ ಮೇಲೊಂದು ಎರಡು ಮೂರು ಉಸಿರು ತುಂಬಿ, ಹಿಡಿಸಿ, ಆಮೇಲೆ ಕೆಮ್ಮಿಸುವ ವಿಧಾನ ಇದೆ. ನಿಮ್ಮ ಫಿಸಿಯೋ ಹತ್ತಿರ ಕಲಿತುಕೊಳ್ಳಿ. ಕರೆಂಟಿಗಿಂತ ಅಗ್ಗ, ಎಷ್ಟೋ ಸಲ ಕರೆಂಟಿಗಿಂತ ಜಾಸ್ತಿ ಉಪಯೋಗ.

ಕೂರಿಸುವ ವಿಷಯ ಒಂದಿದೆ. ನಮಗೆಲ್ಲ ಉಸಿರು ಕಟ್ಟಿದರೆ ಎದ್ದು ಕೂರುತ್ತೇವೆ. ಕುತ್ತಿಗೆ ಪೆಟ್ಟಿನವರಿಗೆ ಉಲ್ಟಾ. ಬಹಳ ಜನಕ್ಕೆ ಮಲಗಿದಾಗಲೇ ಉಸಿರು ಸಲೀಸು. ಕೂತಾಗ ಬಲವಿಲ್ಲದ ಹೊಟ್ಟೆ ಮುಂದಕ್ಕೆ ಜೋತು ಬಿದ್ದು ವಪೆ ಚಪ್ಪಟೆಯಾಗುತ್ತದೆ, ಅದಕ್ಕೆ ಎಳೆಯಲು ಜಾಗ ಇರುವುದಿಲ್ಲ. ಹೊಟ್ಟೆಗೆ ಅಗಲವಾದ ಬೆಲ್ಟ್ ಕಟ್ಟಿ ಕೂರಿಸಿದರೆ ಉಸಿರೂ ಸುಧಾರಿಸುತ್ತದೆ, ಬಿಪಿ ಇಳಿದು ತಲೆ ತಿರುಗುವುದೂ ಕಡಿಮೆ ಆಗುತ್ತದೆ. ಬೆಲ್ಟು ಪಕ್ಕೆಲುಬಿನ ಮೇಲೆ ಏರಬಾರದು, ಅದರ ಕೆಳಗೇ ನಿಲ್ಲಬೇಕು.

ಯಾವ ಮಷೀನು

ಸೊಂಟ ನೋವಿಗೆ ಹಚ್ಚುವ ಟೆನ್ಸ್ ಮಷೀನು ಇದಲ್ಲ. ನೋಡಲು ಒಂದೇ ಥರ, ಪ್ಯಾಡೂ ಒಂದೇ ಥರ. ಟೆನ್ಸ್ ನೋವಿನ ನರವನ್ನು ಮರೆಸುವುದಕ್ಕೆ ಹೊಂದಿಸಿದ ಯಂತ್ರ, ಹೊಟ್ಟೆಯನ್ನು ಬಿಗಿಸಿ ಕೆಮ್ಮಿಸುವುದಕ್ಕಲ್ಲ. ನನ್ನ ಒಬ್ಬ ರೋಗಿಯ ತಮ್ಮ ಕಷ್ಟಪಟ್ಟು ದುಡ್ಡು ಕೂಡಿಸಿ, ಅಂಗಡಿಯವನ ಮಾತು ನಂಬಿ ಟೆನ್ಸ್ ತಂದಿಟ್ಟಿದ್ದ. ಬೇರೆ ದಾರಿಯಿಲ್ಲದೆ ಕೊನೆಗೆ ಅದು ಅವರ ಅವ್ವನ ಮೊಣಕಾಲಿಗೆ ಹೋಯಿತು. ಇನ್ನು ಸಿಕ್ಸ್ ಪ್ಯಾಕ್ ಹೊಟ್ಟೆ ಮಾಡಿಕೊಡುತ್ತೇವೆ ಅಂತ ಮೊಬೈಲಿನಲ್ಲಿ ಬರುವ ಬೆಲ್ಟುಗಳು. ಚರ್ಮಕ್ಕೆ ಸ್ಪರ್ಶವೇ ಗೊತ್ತಾಗದವರ ಮೇಲೆ ಅವನ್ನು ಕಟ್ಟುವುದು ಅಪಾಯ.

ಕೇಳಬೇಕಾದ್ದು ಸ್ನಾಯು ಸ್ಟಿಮ್ಯುಲೇಟರ್. ಎರಡು ಅಥವಾ ನಾಲ್ಕು ಚಾನೆಲ್ ಇರಲಿ. ಆವರ್ತನವನ್ನು 30ರಿಂದ 50 ಹರ್ಟ್ಸ್, ಪಲ್ಸ್ ಅಗಲವನ್ನು 200ರಿಂದ 400 ಮೈಕ್ರೋಸೆಕೆಂಡ್ ನಡುವೆ ಇಡಲು ಬರಬೇಕು. ಎಲ್ಲಕ್ಕಿಂತ ಮುಖ್ಯ, ಬೇಕಾದ ಕ್ಷಣಕ್ಕೆ ಕರೆಂಟ್ ಬಿಡಲು ಕೈ ಸ್ವಿಚ್ಚೋ ಕಾಲಿನ ಸ್ವಿಚ್ಚೋ ಇರಬೇಕು. ಅದಿಲ್ಲದಿದ್ದರೆ ಯಂತ್ರವೇ ಇಷ್ಟು ಸೆಕೆಂಡ್ ಚಾಲೂ, ಇಷ್ಟು ಸೆಕೆಂಡ್ ಬಂದ್ ಅಂತ ನಡೆಯುತ್ತದೆ, ರೋಗಿ ಅದರ ತಾಳಕ್ಕೆ ಉಸಿರಾಡಬೇಕು. ಅಭ್ಯಾಸಕ್ಕೆ ಅದು ಆದೀತು. ಕಫ ತೆಗೆಯಲು ಸ್ವಿಚ್ ಇರುವುದೇ ವಾಸಿ. ಬ್ಯಾಟರಿಯಿಂದ ನಡೆಯುವುದನ್ನೇ ಆರಿಸಿ. ಕೊಳ್ಳುವ ಮೊದಲು ಒಂದೆರಡು ವಾರ ಫಿಸಿಯೋ ಹತ್ತಿರದ ಯಂತ್ರದಲ್ಲೇ ನೋಡಿ. ಎರಡು ವಾರದಲ್ಲಿ ಅಳತೆ ಒಂದಿಷ್ಟೂ ಏರದಿದ್ದರೆ ದುಡ್ಡು ಉಳಿಸಿಕೊಳ್ಳಿ.

ಪ್ಯಾಡ್ ಹಚ್ಚುವುದು, ಕರೆಂಟ್ ಬಿಡುವುದು

ಮೊದಲ ಸಲ ಫಿಸಿಯೋ ಎದುರಲ್ಲೇ. ಶುರು ಮಾಡುವ ಮುಂಚೆ ಮೂತ್ರದ ಚೀಲ ನೋಡಿ: ನಳಿಕೆ ಮಡಚಿಲ್ಲ ತಾನೇ, ಚೀಲ ತುಂಬಿಲ್ಲ ತಾನೇ? ಬಿಪಿ ನೋಡಿ ಬರೆದಿಡಿ. ಬೆರಳಿಗೆ ಆಕ್ಸಿಮೀಟರ್ ಹಾಕಿ.

ಹೊಟ್ಟೆಯ ಚರ್ಮವನ್ನು ಸೋಪು ನೀರಿನಿಂದ ಒರೆಸಿ ಒಣಗಿಸಿ. ಎಣ್ಣೆ ಮಾಲಿಶ್ ಮಾಡಿದ ದಿನ ಪ್ಯಾಡ್ ಹಿಡಿಯುವುದಿಲ್ಲ. ನಮ್ಮ ಕಡೆ ದಿನಾ ಮಾಲಿಶ್ ಆಗುತ್ತದೆ, ಅದಕ್ಕೇ ಹೇಳಿದೆ, ಮಾಲಿಶ್ ಆಮೇಲೆ ಇಟ್ಟುಕೊಳ್ಳಿ. ಕೂದಲು ದಟ್ಟವಾಗಿದ್ದರೆ ಕತ್ತರಿಯಿಂದ ಸಣ್ಣಗೆ ಮಾಡಿ. ಬ್ಲೇಡ್ ಬೇಡ, ಗೀರಿದ ಜಾಗದಲ್ಲಿ ಕರೆಂಟ್ ಚುಚ್ಚುತ್ತದೆ.

ಪ್ಯಾಡ್ ದೊಡ್ಡದಿರಲಿ. ಸಣ್ಣ ಪ್ಯಾಡಿನಲ್ಲಿ ಕರೆಂಟು ಒಂದೇ ಕಡೆ ಒತ್ತಾಗಿ ಚರ್ಮ ಸುಡಬಹುದು. ಸಾಮಾನ್ಯವಾಗಿ ಹೊಕ್ಕುಳಿನ ಎರಡೂ ಪಕ್ಕ ಒಂದೊಂದು ಜೊತೆ, ಮತ್ತೆ ಎಡ ಬಲ ಪಕ್ಕೆಯಲ್ಲಿ, ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ ಒಂದೊಂದು ಜೊತೆ ಹಚ್ಚುತ್ತಾರೆ. ಸಿಡ್ನಿಯ ಸಂಶೋಧಕರು ಪಕ್ಕೆಯಿಂದ ಇನ್ನಷ್ಟು ಹಿಂದಕ್ಕೆ, ಬೆನ್ನಿನ ಕಡೆಗೆ ಸರಿಸಿ ಹಚ್ಚುತ್ತಾರೆ. ಎರಡೇ ಜೊತೆಯಲ್ಲಿ ಕೆಲಸ ಆಗುತ್ತದೆ. ನನಗೂ ಈ ಎರಡನೆಯದೇ ಇಷ್ಟ, ಹೊಟ್ಟೆ ಮುಂಭಾಗ ಕೈಯಿಂದ ಒತ್ತಲು ಖಾಲಿ ಉಳಿಯುತ್ತದೆ. ಎದೆಯ ಮೇಲೆ ಮಾತ್ರ ಎಂದಿಗೂ ಹಚ್ಚಬಾರದು.

ಕರೆಂಟನ್ನು 10 ಮಿಲಿಆಂಪಿಯರ್ ಹತ್ತಿರ ಶುರು ಮಾಡಿ, 5ರಂತೆ ಏರಿಸಿ. ಪ್ರತಿ ಸಲ ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿ. ಮೊದಲು ಚರ್ಮ ಜುಮ್ಮೆಂದು ನಡುಗುತ್ತದೆ, ಆಮೇಲೆ ಸ್ನಾಯು ಮಿಸುಕುತ್ತದೆ, ಆಮೇಲೆ ಇಡೀ ಹೊಟ್ಟೆ ಕಲ್ಲಾಗುತ್ತದೆ. ಆ ಮೂರನೆಯದು ನಮಗೆ ಬೇಕು. ರೋಗಿಗೆ ನೋವು ಗೊತ್ತಾಗುವುದಿಲ್ಲ, ಅದಕ್ಕೇ ಏರಿಸುತ್ತಾ ಹೋಗಬಾರದು. ಫಿಸಿಯೋ ಎಲ್ಲಿ ನಿಲ್ಲಿಸಿದರೋ ಆ ಅಂಕಿಯನ್ನು ಯಂತ್ರದ ಮೇಲೆ ಟೇಪ್ ಅಂಟಿಸಿ ಬರೆದಿಡಿ. ಅರೆಬರೆ ಪೆಟ್ಟಾದವರಿಗೆ ಸ್ಪರ್ಶ ಉಳಿದಿರುತ್ತದೆ, ಅವರಿಗೆ ಇಷ್ಟು ಕರೆಂಟು ನೋಯುತ್ತದೆ. ಅವರನ್ನು ಹಿಂಸೆ ಮಾಡಬೇಡಿ, ಅವರು ತಡೆಯುವಷ್ಟಕ್ಕೇ ನಿಲ್ಲಿಸಿ.

ಕಫ ತೆಗೆಯುವಾಗ ತಾಳ ಅದೇ: ಉಸುರು ತಗೋ, ಹಿಡಿ, ಕೆಮ್ಮು. 'ಕೆಮ್ಮು' ಅಂದಾಗ ಸ್ವಿಚ್. ಒಂದು ಸೆಕೆಂಡ್, ಹೆಚ್ಚೆಂದರೆ ಎರಡು. ಬಿಡಿ. ಕೈ ಪಳಗಿದ ಮೇಲೆ ಅದೇ ಕ್ಷಣಕ್ಕೆ ಕೈಯ ನೂಕೂ ಸೇರಿಸಬಹುದು. ಅಭ್ಯಾಸ ಮಾಡಿಸುವಾಗ ಕೆಮ್ಮಿಸುವುದು ಬೇಡ. ಉಸಿರು ಹೊರಗೆ ಬಿಡುವಾಗಲೆಲ್ಲ ಕರೆಂಟ್, ಒಳಗೆ ಎಳೆಯುವಾಗ ಬಂದ್. ಒಳಗೆ ಎಳೆಯುವಾಗ ಹೊಟ್ಟೆ ಬಿಗಿದರೆ ವಪೆಗೂ ಕರೆಂಟಿಗೂ ಜಗಳ ಹತ್ತುತ್ತದೆ, ರೋಗಿಗೆ ಉಸಿರು ಕಟ್ಟಿದಂತಾಗುತ್ತದೆ.

ಮೊದಲ ದಿನಗಳಲ್ಲಿ 10 ನಿಮಿಷ ಸಾಕು. ಕರೆಂಟಿನಿಂದ ದುಡಿಯುವ ಸ್ನಾಯು ಬೇಗ ಸೋಲುತ್ತದೆ. ನಮ್ಮ ದೇಹ ತಾನೇ ಕೆಲಸ ಮಾಡುವಾಗ ಸ್ನಾಯುವಿನ ಎಳೆಗಳು ಸರದಿಯಲ್ಲಿ ದುಡಿಯುತ್ತವೆ, ಕರೆಂಟು ಅವನ್ನೆಲ್ಲ ಒಟ್ಟಿಗೆ ಹೊಡೆದೆಬ್ಬಿಸುತ್ತದೆ. ಎರಡು ಮೂರು ವಾರದಲ್ಲಿ ಮೆಲ್ಲಗೆ ಅರ್ಧ ಗಂಟೆಗೆ ಏರಿಸಿ. ಅಧ್ಯಯನಗಳಲ್ಲಿ ದಿನಕ್ಕೆ ಅರ್ಧದಿಂದ ಒಂದು ಗಂಟೆ, ವಾರಕ್ಕೆ ಐದು ದಿನದಂತೆ ಹಲವು ವಾರ ಮಾಡಿಸಿದ್ದಾರೆ. ಬಿಟ್ಟರೆ ಸ್ನಾಯು ಮತ್ತೆ ಸೊರಗುತ್ತದೆ, ಅದು ನಿಜ.

ಮುಗಿದ ಮೇಲೆ ಪ್ಯಾಡನ್ನು ವೈರು ಹಿಡಿದು ಕೀಳದೆ ಅಂಚಿನಿಂದ ಬಿಡಿಸಿ. ಅಡಿಯ ಚರ್ಮ ಕೆಂಪಾಗಿರುತ್ತದೆ. ಅರ್ಧ ಗಂಟೆಯಲ್ಲಿ ಅದು ಮಾಯವಾಗಬೇಕು. ಹೋಗದಿದ್ದರೆ, ಗುಳ್ಳೆ ಎದ್ದರೆ, ಅಲ್ಲಿ ಮತ್ತೆ ಹಚ್ಚಬೇಡಿ, ಫಿಸಿಯೋಗೆ ಹೇಳಿ.

"ತಲಿ ಸಿಡಿಲಕತ್ತದ" ಅಂದರೆ

ಪೆಟ್ಟು ಟಿ6 ಅಥವಾ ಅದಕ್ಕೂ ಮೇಲಿದ್ದರೆ ಈ ಭಾಗ ಎರಡು ಸಲ ಓದಿ. ಇದನ್ನು ನಾನು ನನ್ನದೇ ತಪ್ಪಿನಿಂದ ಕಲಿತೆ.

ಕೆಲಸಕ್ಕೆ ಸೇರಿದ ಹೊಸತು. ಸಿ6 ಪೆಟ್ಟಿನ ಒಬ್ಬ ಕಾಕಾ. ಪ್ಯಾಡ್ ಹಚ್ಚಿ ಕರೆಂಟ್ ಏರಿಸಿದೆ, ಹೊಟ್ಟೆ ಚೆನ್ನಾಗಿ ಬಿಗಿಯಿತು, ನನಗೆ ಖುಷಿಯೋ ಖುಷಿ. ಕಾಕಾ "ತಲಿ ಸಿಡಿಲಕತ್ತದ ಕಣ್ರೀ" ಅಂದರು. ಹಣೆಯ ಮೇಲೆ ಬೆವರು, ಮುಖ ಕೆಂಪು, ಹೊಟ್ಟೆಯಿಂದ ಕೆಳಗೆ ಮಾತ್ರ ತಣ್ಣಗೆ. ಬಿಸಿಲಿಗೆ ಅಂದುಕೊಂಡೆ. ಬಿಪಿ ನೋಡಿದರೆ 170. ಯಾವಾಗಲೂ 100 ಇರುವ ಮನುಷ್ಯ. ಮೂತ್ರದ ನಳಿಕೆ ತೊಡೆಯ ಅಡಿಗೆ ಸಿಕ್ಕಿ ಮಡಚಿಹೋಗಿತ್ತು, ಚೀಲಕ್ಕೆ ಹನಿಯೂ ಬಂದಿರಲಿಲ್ಲ. ನಳಿಕೆ ಬಿಡಿಸಿದ ಐದು ನಿಮಿಷಕ್ಕೆ ಬಿಪಿ ಇಳಿಯಿತು. ಶುರು ಮಾಡುವ ಮುಂಚೆ ನಾನು ನೋಡಿರಲಿಲ್ಲ. ಅಂದಿನಿಂದ ಮೊದಲು ನಳಿಕೆ, ಆಮೇಲೆ ನಮಸ್ಕಾರ.

ಇದಕ್ಕೆ ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಅನ್ನುತ್ತಾರೆ. ಪೆಟ್ಟಿನ ಕೆಳಗೆ ಏನೋ ಒಂದು ಕಿರಿಕಿರಿ, ತುಂಬಿದ ಮೂತ್ರಕೋಶ, ಕಟ್ಟಿದ ಮಲ, ಬಿಗಿ ಬಟ್ಟೆ, ಕೆಲವೊಮ್ಮೆ ನಮ್ಮ ಕರೆಂಟೇ, ಬಿಪಿಯನ್ನು ಏಕಾಏಕಿ ಏರಿಸುತ್ತದೆ. ಕುತ್ತಿಗೆ ಪೆಟ್ಟಿನವರ ಮೇಲಿನ ಬಿಪಿ ಮಾಮೂಲಾಗಿ 90ರಿಂದ 110 ಇರುತ್ತದೆ. ಅವರಿಗೆ 140 ಅಂದರೆ ಏರಿಕೆಯೇ, 'ನಾರ್ಮಲ್ ಅದ' ಅಂತ ಬಿಡುವಂತಿಲ್ಲ.

ಕರೆಂಟ್ ಬಂದ್ ಮಾಡಿ. ತಕ್ಷಣ ಎತ್ತಿ ಕೂರಿಸಿ, ಕಾಲು ಕೆಳಗೆ ಇಳಿಬಿಡಿ. ಬೆಲ್ಟು, ಲಾಡಿ, ಕಾಲುಚೀಲ ಸಡಿಲಿಸಿ. ನಳಿಕೆ ನೋಡಿ, ನಳಿಕೆ ಇಲ್ಲದವರಿಗೆ ಮೂತ್ರ ತೆಗೆಯಿರಿ. ಆಮೇಲೆ ಮಲ, ಚರ್ಮದ ಹುಣ್ಣು, ಕಾಲಿನ ಉಗುರು ನೋಡಿ. ಎರಡು ಮೂರು ನಿಮಿಷಕ್ಕೊಮ್ಮೆ ಬಿಪಿ. ಮೇಲಿನ ಅಂಕಿ 150 ದಾಟಿ ಇಳಿಯದೇ ಇದ್ದರೆ 108ಕ್ಕೆ ಕರೆ ಮಾಡಿ. ಮಲಗಿಸಬೇಡಿ. ತಲೆನೋವು ಅಂದಾಕ್ಷಣ ಮಲಗಿಸುವುದು ನಮ್ಮ ರೂಢಿ, ಇಲ್ಲಿ ಅದೇ ತಪ್ಪು.

ಅಳತೆ

ಔಷಧಿ ಅಂಗಡಿಯಲ್ಲಿ ಪೀಕ್ ಫ್ಲೋ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅಸ್ತಮಾದವರು ಊದುವುದು. ಅದರ ಬಾಯಿಗೆ ತುಟಿ ಬಿಗಿಸಿ ಕೆಮ್ಮಿಸಿ. ಮೂರು ಸಲ ಕೆಮ್ಮಿಸಿ ದೊಡ್ಡದನ್ನು ಬರೆಯಿರಿ. ನಿಮಿಷಕ್ಕೆ 160 ಲೀಟರಿಗಿಂತ ಕಡಿಮೆ ಇದ್ದರೆ ಆ ಕೆಮ್ಮಿನಿಂದ ಕಫ ಬರುವುದಿಲ್ಲ ಅಂತಲೇ ತಿಳಿಯಿರಿ. 270ಕ್ಕಿಂತ ಕಡಿಮೆ ಇದ್ದರೆ, ಈಗ ಸರಿ ಇದ್ದರೂ ಒಂದು ನೆಗಡಿ ಬಂದಾಗ ತೊಂದರೆ ಆಗಬಹುದು. ಒಂದು ನೋಟ್‌ಬುಕ್ಕಿನಲ್ಲಿ ವಾರಕ್ಕೊಮ್ಮೆ ನಾಲ್ಕು ಅಂಕಿ: ಸುಮ್ನೆ ಕೆಮ್ಮಿದ್ದು, ಕೈ ಕೊಟ್ಟಿದ್ದು, ಕರೆಂಟ್ ಕೊಟ್ಟಿದ್ದು, ಎರಡೂ ಕೊಟ್ಟಿದ್ದು. ಇದಕ್ಕಿಂತ ಒಳ್ಳೆ ರಿಪೋರ್ಟ್ ಯಾವ ಡಾಕ್ಟರಿಗೂ ಬೇಡ. ಎಷ್ಟೋ ಮನೆಗಳಲ್ಲಿ ಕೈಯ ಅಂಕಿ ಕರೆಂಟಿನ ಅಂಕಿಯನ್ನು ಸೋಲಿಸಿದ್ದನ್ನು ನೋಡಿದ್ದೇನೆ. ಅಂಥ ಮನೆಗೆ ಯಂತ್ರ ಬೇಡ ಅಂತ ನಾನೇ ಹೇಳಿ ಬಂದಿದ್ದೇನೆ.

ನಮ್ಮ ಬಿಸಿಲು, ನಮ್ಮ ದೂಳು

ಏಪ್ರಿಲ್, ಮೇನಲ್ಲಿ ಕಲಬುರಗಿ 42 ಡಿಗ್ರಿ ದಾಟುತ್ತದೆ. ಕುತ್ತಿಗೆ ಪೆಟ್ಟಿನವರಿಗೆ ಪೆಟ್ಟಿನ ಕೆಳಗೆ ಸರಿಯಾಗಿ ಬೆವರು ಬರುವುದಿಲ್ಲ, ಹಾಗಾಗಿ ದೇಹ ತಣಿಯುವುದಿಲ್ಲ. ಪರ್ಸಿ ಕಲ್ಲಿನ ಮಾಳಿಗೆ ಸಂಜೆಯವರೆಗೂ ಕಾದು ರಾತ್ರಿ ಶಾಖ ಬಿಡುತ್ತದೆ. ಮೈ ಸುಡುತ್ತಿದೆ ಅಂದರೆ ಎಲ್ಲವೂ ಜ್ವರ ಅಲ್ಲ, ಎಲ್ಲವೂ ಬಿಸಿಲೂ ಅಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಗಾಳಿ ಹಾಕಿ ಒಂದು ಗಂಟೆ ನೋಡಿ. ಇಳಿಯದಿದ್ದರೆ ಸೋಂಕು ಅಂತ ಹುಡುಕಿ. ಬೇಸಿಗೆಯಲ್ಲಿ ಕರೆಂಟಿನ ಅಭ್ಯಾಸ ಬೆಳಗ್ಗೆ 7ರೊಳಗೆ ಮುಗಿಸಿ. ಪ್ಯಾಡಿನ ಜೆಲ್ ಕೂಡ ಬಿಸಿಲಿಗೆ ಬೇಗ ಒಣಗುತ್ತದೆ; ಪ್ಲಾಸ್ಟಿಕ್ ಹಾಳೆಗೆ ಅಂಟಿಸಿ, ಚೀಲದೊಳಗಿಟ್ಟು ತಣ್ಣಗಿನ ಜಾಗದಲ್ಲಿಡಿ. ಕೂಲರ್ ಹಚ್ಚುವುದಾದರೆ ಅದರ ನೀರನ್ನು ದಿನಾ ಚೆಲ್ಲಿ ತೊಟ್ಟಿ ತಿಕ್ಕಬೇಕು.

ನೀರು ಕುಡಿಸದಿದ್ದರೆ ಕಫ ಗೋಂದಾಗುತ್ತದೆ. ಮೂತ್ರ ತೆಗೆಯುವ ಕಷ್ಟಕ್ಕೆ ಮನೆಯವರು ನೀರು ಕಡಿಮೆ ಮಾಡುತ್ತಾರೆ, ರೋಗಿಗಳೂ ತಾವಾಗಿ ಕಡಿಮೆ ಮಾಡುತ್ತಾರೆ, ಸಂಕೋಚಕ್ಕೆ. ಎಷ್ಟು ಕುಡಿಯಬೇಕು, ಎಷ್ಟು ಗಂಟೆಗೊಮ್ಮೆ ತೆಗೆಯಬೇಕು ಅಂತ ಡಾಕ್ಟರ್ ಹತ್ತಿರ ಲೆಕ್ಕ ಹಾಕಿಸಿಕೊಳ್ಳಿ.

ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ. ಮಷೀನಿನ ಹೊಟ್ಟು ಊರೆಲ್ಲ ಹಾರುತ್ತದೆ. ಆ ಹದಿನೈದು ದಿನ ರೋಗಿಯ ಕೋಣೆಯನ್ನು ರಾಶಿಯ ಗಾಳಿಗೆ ಎದುರಾಗದ ಕಡೆಗೆ ಬದಲಿಸಿ. ಬೀಡಿ ಸೇದುವ ಮಾವಂದಿರನ್ನು ಮರ್ಯಾದೆಯಿಂದಲೇ ಅಂಗಳಕ್ಕೆ ಕಳಿಸಿ.

ದವಾಖಾನೆಗೆ ಓಡಬೇಕಾದಾಗ

ಕಫ ಹಳದಿ, ಹಸಿರು ಆದರೆ, ಜ್ವರ ಬಂದರೆ, ಆಕ್ಸಿಮೀಟರ್ 92ಕ್ಕಿಂತ ಕೆಳಗಿಳಿದರೆ, ನಿಮಿಷಕ್ಕೆ 30ಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ ಕರೆಂಟ್, ಕೈ ಯಾವುದನ್ನೂ ನಂಬಿ ಕೂರಬೇಡಿ. ಬೆಳಗ್ಗೆ ಎದ್ದ ಕೂಡಲೇ ತಲೆನೋವು, ಹಗಲೆಲ್ಲ ಮಂಪರು, ಮಾತು ತಡವರಿಸುವುದು ಇದ್ದರೆ ರಾತ್ರಿ ಉಸಿರು ಸಾಲದೆ ಕಾರ್ಬನ್ ಡೈಆಕ್ಸೈಡ್ ಒಳಗೇ ಉಳಿಯುತ್ತಿರಬಹುದು. ಇಂಥವರಿಗೆ ಡಾಕ್ಟರನ್ನು ಕೇಳದೆ ಮನೆಯಲ್ಲಿ ಆಕ್ಸಿಜನ್ ಹಚ್ಚಿ ಸುಮ್ಮನಾಗುವುದು ಸರಿಯಲ್ಲ. ಬೆರಳಿನ ಅಂಕಿ ಚೆನ್ನಾಗಿ ಕಾಣುತ್ತದೆ, ಒಳಗೆ ಮಂಪರು ಏರುತ್ತಲೇ ಇರುತ್ತದೆ. ಅವರಿಗೆ ಬೇಕಾದ್ದು ಉಸಿರನ್ನೇ ನೂಕುವ ಬೈಪ್ಯಾಪ್ ಥರದ ಆಸರೆ ಇರಬಹುದು, ಅದನ್ನು ರಕ್ತದ ಗ್ಯಾಸ್ ಪರೀಕ್ಷೆ ಮಾಡಿ ಹೇಳಬೇಕು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ನಮ್ಮ ಮೂರು ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜುಗಳು. ಹೊರಡುವಾಗ ಆ ನೋಟ್‌ಬುಕ್ ಒಯ್ಯಿರಿ, ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಆಯುಷ್ಮಾನ್ ಕಾರ್ಡು ಅದರೊಳಗೇ ಇಟ್ಟಿರಿ.

ಕೊನೆಗೆ ಒಂದು ರಟ್ಟು ತೆಗೆದುಕೊಂಡು ದಪ್ಪ ಅಕ್ಷರದಲ್ಲಿ ಬರೆದು ಮಂಚದ ತಲೆದಿಸೆಗೆ ತೂಗುಹಾಕಿ: ಪೆಟ್ಟಿನ ಮಟ್ಟ, ಮಾಮೂಲಿ ಬಿಪಿ, ನಳಿಕೆ ಬದಲಿಸಿದ ತಾರೀಖು, ಯಂತ್ರದ ಅಂಕಿ. ಅಡಿಯಲ್ಲಿ "ತಲೆನೋವು ಅಂದರೆ ಕೂರಿಸಿ, ನಳಿಕೆ ನೋಡಿ" ಅಂತ. ನೀವು ಸಂತೆಗೆ ಹೋದ ದಿನ ಪಕ್ಕದ ಮನೆಯ ಹುಡುಗ ಓದುವಷ್ಟು ದಪ್ಪಗಿರಲಿ.